ಪಿಕಪ್ಪಿನ ಖಾತೆ

ಹಳೆಯ ಪಿಕಪ್ ದಾರಿಯಲ್ಲಿ ಕೆಟ್ಟು ನಿಂತರೆ ಸುತ್ತ ಸೇರಿದವರ ಬಾಯಿಂದ ಬರುವ ಮೊದಲ ಮಾತು, "ವಯಸ್ಸಾಯ್ತಲ್ಲ ಗಾಡಿಗೆ, ಇನ್ನೇನು." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಜಮಾನರ ಕೇಟರಿಂಗ್ ವ್ಯವಹಾರದ ಲೆಕ್ಕ ಬರೆಯುವವಳು ನಾನು. ಅಕ್ಕಿ, ತೆಂಗಿನಕಾಯಿ, ಗ್ಯಾಸು, ಬಡಿಸುವ ಹುಡುಗರ ಕೂಲಿ ಎಲ್ಲಕ್ಕೂ ಒಂದು ಪುಸ್ತಕವಾದರೆ ಗಾಡಿಗೆಂದೇ ಬೇರೊಂದು ಪುಸ್ತಕ ಇಟ್ಟಿದ್ದೇನೆ. ಗ್ಯಾರೇಜಿನ ಬಿಲ್ಲನ್ನು ಅದರಲ್ಲಿ ಅಂಟಿಸಿ, ಪಕ್ಕದಲ್ಲಿ ಏನು ಕೆಟ್ಟಿತ್ತು, ಮೇಸ್ತ್ರಿ ಏನು ಕಾರಣ ಹೇಳಿದರು ಎಂದು ನಾಲ್ಕು ಸಾಲು ಬರೆಯುತ್ತೇನೆ. ಆ ಪುಸ್ತಕವನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತ ಹೋದರೆ ಬರೀ ವಯಸ್ಸಿನಿಂದಲೇ ಕೆಟ್ಟದ್ದು ಎನ್ನಬಹುದಾದ ಸಾಲುಗಳು ತೀರ ಕಡಿಮೆ. ದೊಡ್ಡ ಬಿಲ್ಲಿನ ಬೆನ್ನಿಗೆ ಒಂದು ಸಣ್ಣ ಕೆಲಸ ನಿಂತಿರುತ್ತದೆ. ಯಾರೋ, ಯಾವಾಗಲೋ, "ಆಮೇಲೆ ನೋಡೋಣ" ಎಂದು ಬಿಟ್ಟ ಕೆಲಸ ಅದು.

ನಾವಿರುವುದು ಮುಂಬಯಿಯ ಪವಾಯಿಯಲ್ಲಿ, ಸಾಕಿ ವಿಹಾರ್ ರಸ್ತೆಯಿಂದ ಸ್ವಲ್ಪ ಒಳಗೆ. ಹೊರಗಿನವರ ಕಣ್ಣಿಗೆ ಪವಾಯಿ ಎಂದರೆ 1891ರ ಕೆರೆ, 1958ರಲ್ಲಿ ಶುರುವಾದ ಐಐಟಿ, ಹೀರಾನಂದಾನಿಯ ಎತ್ತರದ ಕಟ್ಟಡಗಳು. ಹೊರೆ ಹೊತ್ತ ಗಾಡಿಗೆ ಕಾಣುವ ಪವಾಯಿಯೇ ಬೇರೆ. ಇದು ಗುಡ್ಡದ ಊರು. ಚಾಂದಿವಲಿ ಕಡೆ ಕಲ್ಲಿನ ಕ್ವಾರಿಗಳಿದ್ದ ನೆಲ. ಒಳಗಿನ ಯಾವ ರಸ್ತೆ ಹಿಡಿದರೂ ಒಂದು ಏರು, ಒಂದು ಇಳಿಜಾರು. ಕೆರೆಯ ಪಕ್ಕದಲ್ಲೇ ಹಾದುಹೋಗುವ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆ ಪೂರ್ವ, ಪಶ್ಚಿಮ ಎರಡು ಹೆದ್ದಾರಿಗಳನ್ನು ಜೋಡಿಸುತ್ತದೆ. ಅದರ ನಡುವೆ ಮೆಟ್ರೋ ಆರನೇ ಮಾರ್ಗದ ಕಂಬಗಳು ಎದ್ದ ಮೇಲಂತೂ ಗಾಂಧಿನಗರದಿಂದ ಐಐಟಿ ಗೇಟು ದಾಟುವಷ್ಟರಲ್ಲಿ ಗಾಡಿ ಎಷ್ಟು ಸಲ ನಿಂತು ಎಷ್ಟು ಸಲ ಹೊರಡುತ್ತದೆ ಎಂದು ಡ್ರೈವರನ ಎಡಗಾಲನ್ನೇ ಕೇಳಬೇಕು. ಮುಂಬಯಿಯವರು ಇಂಥ ಸಣ್ಣ ಸರಕು ಗಾಡಿಗಳನ್ನೆಲ್ಲ ಒಟ್ಟಾಗಿ ಟೆಂಪೋ ಎನ್ನುತ್ತಾರೆ. 1986ರ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್ ಎಂಬ ಚೋಟಾ ಹಾಥಿ, ಬೊಲೆರೊ ಪಿಕಪ್, ಎಲ್ಲವೂ ಟೆಂಪೋಗಳೇ. ಈ ಊರಿನ ತರಕಾರಿ, ಸಿಮೆಂಟು, ಮನೆ ಬದಲಿಸುವವರ ಬೀರು, ಮದುವೆಯ ಕುರ್ಚಿ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬರುವ ಯಕ್ಷಗಾನದ ಪೆಟ್ಟಿಗೆ, ನಮ್ಮ ಸಾರಿನ ಕೊಪ್ಪರಿಗೆ ಇವೆಲ್ಲ ಓಡಾಡುವುದು ಅವುಗಳ ಬೆನ್ನಿನ ಮೇಲೆ.

ನಮ್ಮ ಗಾಡಿ ನಮ್ಮ ಕೈಗೆ ಬರುವ ಮೊದಲು ಮೀನು ಸಾಗಿಸುತ್ತಿತ್ತು. ಕೊಂಡಾಗ ಬಣ್ಣ ಹೊಳೆಯುತ್ತಿತ್ತು, ಸೀಟಿನ ಕವರು ಹೊಸದಿತ್ತು. ಮೇಸ್ತ್ರಿ ಅದೊಂದನ್ನೂ ನೋಡಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಕೆಳಗೆ ನುಸುಳಿ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋದರು. ಅವರು ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಕುರ್ಲಾದ ಗ್ಯಾರೇಜಿನಲ್ಲಿ ಪಾನಾ ಹಿಡಿದವರು. "ಗಟ್ಟಿ ಕಬ್ಣ ಠಣ್ ಅಂತದರಿ ಅಕ್ಕಾರ. ತುಕ್ಕು ತಿಂದಿದ್ದು ಥಪ್ ಅಂತದ. ಕಿವಿಗೊಟ್ಟು ಕೇಳ್ರಿ," ಎಂದರು. ಕೇಳಿಸಿತು. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಇಳಿಯುವ ನೀರು ಉಪ್ಪು ನೀರು. ಸಸೂನ್ ಡಾಕಿನಿಂದಲೋ ಭಾವುಚಾ ಧಕ್ಕಾದಿಂದಲೋ ಉಪನಗರದ ಮಾರ್ಕೆಟ್ಟಿಗೆ ಬರುವಷ್ಟು ಹೊತ್ತೂ ಅದು ತಳದ ಸಂದಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಇದೇ ಕಥೆ. ಕಣ್ಣಿಗೆ ಬೀಳುವ ಜಾಗದ ತುಕ್ಕಿನಿಂದ ಅಪಾಯ ಕಡಿಮೆ. ಹಿಂದಿನ ಸ್ಪ್ರಿಂಗ್ ಪಟ್ಟಿ ನೇತಾಡುವ ಬ್ರಾಕೆಟ್ಟು, ಚಾಸಿಗೆ ಅಡ್ಡಪಟ್ಟಿ ಸೇರುವ ಮೂಲೆ, ಬ್ರೇಕಿನ ಪೈಪನ್ನು ಹಿಡಿದಿಡುವ ಕ್ಲಿಪ್ಪಿನ ಅಡಿ, ಇಂಥ ಕೆಸರು ಕೂತು ಒಣಗದೆ ಉಳಿಯುವ ಕಡೆಗಳಲ್ಲಿ ಅದು ಒಳಗಿಂದೊಳಗೆ ತಿನ್ನುತ್ತದೆ. ಹಳೆಯ ಪಿಕಪ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಎಂಜಿನನ್ನು ಆಮೇಲೆ ಕೇಳಿ, ಮೊದಲು ಚಾಸಿಯನ್ನು ತಟ್ಟಿಸಿ. ಎಂಜಿನ್ ಇಳಿಸಿ ಏರಿಸಬಹುದು. ತೂತು ಬಿದ್ದ ಚಾಸಿಗೆ ತಗಡಿನ ತೇಪೆ ಹಾಕಿ ಮೇಲೆ ಬಣ್ಣ ಬಳಿದರೆ ಅದು ಹೊರೆ ಹೊರುವ ಕೆಲಸಕ್ಕೆ ಬಾರದು.

ಅದೇ ತುಕ್ಕು ಇನ್ನೊಂದು ವೇಷದಲ್ಲೂ ಬರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ "ಟಿಕ್" ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಹೋಯಿತು ಎಂದು ಹೊಸದು ತಂದು ಹಾಕುತ್ತಾರೆ. ನಾಲ್ಕು ದಿನ ಸರಿ, ಮತ್ತೆ "ಟಿಕ್". ಆಮೇಲೆ ಸೆಲ್ಫ್ ಬಿಚ್ಚಿ ಕಾರ್ಬನ್ ಬದಲಿಸುತ್ತಾರೆ. ಕಡೆಗೆ ನೋಡಿದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ವಯರಿನ ಬುಡ ಹಸಿರುಗಟ್ಟಿ ಕೂತಿರುತ್ತದೆ. ಸೆಲ್ಫ್ ಎಳೆಯುವ ಕರೆಂಟು ನೂರಾರು ಆಂಪಿಯರ್. ಅಷ್ಟೂ ಆ ಒಂದು ಬೋಲ್ಟಿನ ಮೂಲಕ ವಾಪಸು ಬರಬೇಕು. ಉಪ್ಪುಗಾಳಿಯ ಈ ಊರಿನಲ್ಲಿ ಅದನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿ ಗ್ರೀಸ್ ಸವರಿ ಬಿಗಿದರೆ ಬ್ಯಾಟರಿಯ ಅರ್ಧ ದೂರುಗಳು ಹೋಗುತ್ತವೆ.

ಇನ್ನು ಬಿಸಿಯ ವಿಷಯ. ಪವಾಯಿಯ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಟೆಂಪೋ ಕಾಣದ ಮೇ ತಿಂಗಳಿಲ್ಲ. ಹೆದ್ದಾರಿಯಲ್ಲಿ ಓಡುವ ಗಾಡಿಯ ರೇಡಿಯೇಟರಿಗೆ ಎದುರು ಗಾಳಿಯೇ ಸಾಕು. ನಡೆಯುವವರಿಗಿಂತ ನಿಧಾನವಾಗಿ ತೆವಳುವಾಗ ಎಲ್ಲ ಭಾರ ಫ್ಯಾನಿನ ಮೇಲೆ. ಫ್ಯಾನ್ ಬೆಲ್ಟು ಸಡಿಲವಾಗಿದ್ದರೆ, ರೇಡಿಯೇಟರಿನ ಜಾಲರಿಯಲ್ಲಿ ಧೂಳು ಎಣ್ಣೆಯೊಂದಿಗೆ ಸೇರಿ ಗಟ್ಟಿಯಾಗಿದ್ದರೆ, ಒಳಗಿನ ನಳಿಗೆಗಳಲ್ಲಿ ವರ್ಷಗಟ್ಟಲೆ ಸುರಿದ ನಲ್ಲಿ ನೀರಿನ ಪಾಚಿ, ತುಕ್ಕು ಕಟ್ಟಿಕೊಂಡಿದ್ದರೆ, ಅಂಥ ಗಾಡಿ ಏರಿನ ಅರ್ಧಕ್ಕೆ ಕುದಿಯುತ್ತದೆ. ಎಲ್ಲಕ್ಕಿಂತ ಸಣ್ಣದು ರೇಡಿಯೇಟರಿನ ಮುಚ್ಚಳ. ಅದರೊಳಗೆ ಒಂದು ಸ್ಪ್ರಿಂಗು, ಒಂದು ರಬ್ಬರಿನ ಬಳೆ. ಆ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಇಟ್ಟಿರುವುದರಿಂದಲೇ 100 ಡಿಗ್ರಿಯಲ್ಲಿ ಕುದಿಯಬೇಕಾದ ನೀರು ಸುಮಾರು 120ರ ಹತ್ತಿರದವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ರಬ್ಬರು ಸೀಳಿದರೆ ಆ ತಡೆ ಹೋಯಿತು. ನೀರು ಹಬೆಯಾಗಿ ಹೊರಬಿದ್ದು, ಎಂಜಿನ್ ಒಣಗಿ, ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಮುಚ್ಚಳದ ದುಡ್ಡು ಉಳಿಸಿದವರು ಹೆಡ್ಡನ್ನು ಲೇತಿಗೆ ಹೊರುತ್ತಾರೆ.

ಇದರಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸುವುದು ಥರ್ಮೋಸ್ಟಾಟ್ ಕಿತ್ತುಹಾಕುವ ಅಭ್ಯಾಸ. ಗಾಡಿ ಬಿಸಿಯಾಗುತ್ತದೆ ಎಂದರೆ ಸಾಕು, "ಮುಂಬಯಿಯಲ್ಲಿ ಚಳಿ ಎಲ್ಲಿದೆ, ಇದು ಯಾಕೆ ಬೇಕು" ಎಂದು ಅದನ್ನು ತೆಗೆದು ಬಿಸಾಡುವ ಮೇಸ್ತ್ರಿಗಳು ಎಷ್ಟೋ ಜನ. ಎಂಜಿನ್ ಸುಮಾರು 80 ಡಿಗ್ರಿ ದಾಟುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು, ಆಮೇಲೆ ಬೇಕಾದಷ್ಟೇ ತೆರೆಯುವುದು ಅದರ ಕೆಲಸ. ಅದು ಇಲ್ಲದ ಎಂಜಿನ್ ಬೆಳಗಿನ ಹೊತ್ತು ಬಹಳ ದೂರದವರೆಗೆ ತಣ್ಣಗೇ ಓಡುತ್ತದೆ. ತಣ್ಣಗಿನ ಎಂಜಿನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉರಿಯದ್ದು ಸಿಲಿಂಡರಿನ ಗೋಡೆಯ ಆಯಿಲ್ಲನ್ನು ತೊಳೆದು ಕೆಳಗಿಳಿಯುತ್ತದೆ, ರಿಂಗು ಬೇಗ ಸವೆಯುತ್ತದೆ. ಹಾಗಾಗಿ ಇವತ್ತು ಬಿಸಿಗೆ ಮಾಡಿದ ಉಪಾಯದ ಬಿಲ್ಲು ಎರಡು ವರ್ಷದ ಮೇಲೆ ನೀಲಿ ಹೊಗೆಯ ರೂಪದಲ್ಲಿ ಬರುತ್ತದೆ. ನಮ್ಮ ಮೇಸ್ತ್ರಿ ಎಂದೂ ಅದನ್ನು ತೆಗೆದವರಲ್ಲ. ಕುದಿಯುವ ನೀರಿನ ಡಬ್ಬಿಯಲ್ಲಿ ಮುಳುಗಿಸಿ ಬಾಯಿ ಬಿಡುತ್ತದೆಯೋ ಇಲ್ಲವೋ ನೋಡಿ, ಕೆಟ್ಟಿದ್ದರೆ ಹೊಸದನ್ನೇ ಕೂರಿಸುತ್ತಾರೆ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಡಬ್ಬಿಯ ಪರೀಕ್ಷೆ ನೋಡಿದ ದಿನ.

ಹೊಗೆಗೆ ಮೂರು ಬಣ್ಣ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸವೆದು ಸಿಂಪಡಿಸುವ ಬದಲು ಸುರಿಯುತ್ತಿರಬಹುದು. ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಳಿ ಹೊಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ನೋಡಬೇಕು. ನಾಜಲ್ ಬಿಚ್ಚಿ ಟೆಸ್ಟಿಂಗ್ ಯಂತ್ರಕ್ಕೆ ಹಾಕಿ ಹಿಡಿ ಒತ್ತಿದಾಗ ಹೊರಡುವ ಡೀಸೆಲ್ ಮಂಜಿನಂತೆ ಹರಡಿದರೆ ಸರಿ, ಗೆರೆಯಾಗಿ ಚಿಮ್ಮಿದರೆ ಅದರ ಆಯುಷ್ಯ ಮುಗಿದಂತೆ. ಈ ಕೆಲಸ ನೋಡುವಾಗ ನನಗೊಂದು ಅಭಿಮಾನ. ಹಳೆಯ ಡೀಸೆಲ್ ಎಂಜಿನ್ನುಗಳ ಪಂಪಿನ ಮೇಲೆ ಇವತ್ತಿಗೂ ಕಾಣುವ ಹೆಸರು ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. ಆಡುಗೋಡಿಯ ಕಾರ್ಖಾನೆಯಿಂದ ದೇಶದ ಟ್ರ್ಯಾಕ್ಟರುಗಳಿಗೆ, ಟ್ರಕ್ಕುಗಳಿಗೆ ಪಂಪು ಹೋಗುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಸಾಕಿನಾಕಾದ ಗ್ಯಾರೇಜಿನಲ್ಲಿ ಅದನ್ನು ಮೈಕೋ ಪಂಪ್ ಎಂದೇ ಕರೆಯುತ್ತಾರೆ. ಚೋಟಾ ಹಾಥಿಯ ಬಳಗದ ಗಾಡಿಗಳನ್ನು ಧಾರವಾಡದಲ್ಲೂ ತಯಾರಿಸುತ್ತಾರೆ. ಊರು ಬಿಟ್ಟು ಬಂದವರಿಗೆ ಊರಿನ ಕೈಕೆಲಸ ಹೀಗೆ ಎದುರಾದಾಗ ಆಗುವ ಸಂತೋಷ ಸಣ್ಣದಲ್ಲ.

ಹೊಗೆಯ ವಿಷಯದಲ್ಲಿ ಸರಕಾರದ ನಿಯಮವೂ ಇದೆ, ಅದನ್ನು ದಾಟುವ ಉಪಾಯವೂ ಇದೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆ 65 ಹಾರ್ಟ್‌ರಿಜ್ ಮೀರಬಾರದು, ಬಿಎಸ್-4 ಆದರೆ 50. ಹೊಗೆ ತಪಾಸಣೆಯ ಪಿಯುಸಿ ಮಾಡಿಸುವ ದಿನ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡುವುದು, ಕಾಗದ ಕೈಗೆ ಬಂದ ಮೇಲೆ ಮತ್ತೆ ತೆರೆಯುವುದು ಕೆಲವರ ರೂಢಿ. ಕಾಗದ ಸಿಗುತ್ತದೆ, ನಾಜಲ್ ಹಾಗೇ ಉಳಿಯುತ್ತದೆ. ಆ ಹೊಗೆ ಹೋಗುವುದು ಫುಟ್‌ಪಾತಿನಲ್ಲಿ ಶಾಲೆಗೆ ನಡೆಯುವ ಮಕ್ಕಳ ಮೂಗಿಗೆ. ನಾಜಲ್ ಸೆಟ್ ಮಾಡಿಸುವ ಖರ್ಚು ಡೀಸೆಲ್ಲಿನ ಉಳಿತಾಯದಲ್ಲೇ ವಾಪಸು ಬರುತ್ತದೆ ಎಂದು ನನ್ನ ಖಾತೆಯ ಪುಸ್ತಕವೇ ತೋರಿಸುತ್ತದೆ. ಯಾರು ಕೇಳಿದರೂ ಆ ಪುಟ ತೆಗೆದು ತೋರಿಸಲು ನಾನು ತಯಾರು.

ಕ್ಲಚ್ ಮತ್ತು ಅದರ ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಏರಿನಲ್ಲಿ ಗಾಡಿಯನ್ನು ಬ್ರೇಕಿನಿಂದ ಹಿಡಿಯದೆ ಹಾಫ್ ಕ್ಲಚ್ಚಿನಲ್ಲಿ ತೂಗಿಸುತ್ತ ನಿಲ್ಲಿಸುವವರ ಪ್ಲೇಟು ಬೇಗ ಸುಡುತ್ತದೆ. ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ, ಕ್ಯಾಬಿನ್ನಿನಲ್ಲಿ ಸುಟ್ಟ ವಾಸನೆ ಬಂದರೆ, ಪ್ಲೇಟು ಮುಗಿದಿದೆ ಎಂದರ್ಥ. ಮೊದಲ ಗೇರಿನಿಂದ ರಿವರ್ಸಿಗೆ ಹಾಕಿದಾಗ ಕೆಳಗೆ "ಟಕ್" ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ಗ್ರೀಸ್ ಗನ್ನಿನ ನಾಲ್ಕು ಒತ್ತು ಸಾಕಾಗುತ್ತಿದ್ದ ಭಾಗವದು. ಗ್ರೀಸ್ ಕಾಣದೆ ಒಡೆದು, ಓಡುವ ಗಾಡಿಯಲ್ಲಿ ಶಾಫ್ಟ್ ಕಳಚಿ ರಸ್ತೆಗೆ ಬಡಿದರೆ ಆಗುವ ಅನಾಹುತವನ್ನು ನೋಡಿದ ಡ್ರೈವರುಗಳು ಆ ಶಬ್ದವನ್ನು ಒಮ್ಮೆ ಕೇಳಿದರೂ ಗಾಡಿ ಬದಿಗೆ ಹಾಕುತ್ತಾರೆ.

ನೀರಿನ ವಿಷಯ ಮಾತ್ರ ಬೇಗ ಮುಗಿಯುವುದಿಲ್ಲ. ಪವಾಯಿ ಕೆರೆ ಮತ್ತು ವಿಹಾರ್ ಕೆರೆ ತುಂಬಿ ಹರಿದ ನೀರೇ ಮಿಠಿ ನದಿ. ಅದು ಇಲ್ಲಿಂದ ಹೊರಟು ಸಾಕಿನಾಕಾ, ಕುರ್ಲಾ ದಾಟಿ ಮಾಹಿಮ್ ಕೊಲ್ಲಿ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ನದಿಯೇ ಕುರ್ಲಾವನ್ನು ಮುಳುಗಿಸಿತು. ಗ್ಯಾರೇಜು, ಸ್ಪೇರ್ ಅಂಗಡಿ, ರಿಪೇರಿಗೆ ಬಿಚ್ಚಿಟ್ಟ ಎಂಜಿನ್ನು, ಎಲ್ಲದರ ಮೇಲೂ ಕೆಸರು ನೀರು. ಆ ಮಳೆ ಕಲಿಸಿದ ಪಾಠವನ್ನು ಹಳೆಯ ಡ್ರೈವರುಗಳು ಇನ್ನೂ ಹೇಳುತ್ತಾರೆ: ನೀರಿನಲ್ಲಿ ಎಂಜಿನ್ ಆರಿದರೆ ಮತ್ತೆ ಕೀಲಿ ತಿರುಗಿಸಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಸಿಲಿಂಡರಿನೊಳಗೆ ನೀರು ಹೋಗಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಹಿಂದಿನ ಆಕ್ಸಲ್ಲಿನ ಹೌಸಿಂಗಿನ ಪಾಡು. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ತೂತಿನಿಂದಲೋ ಹಳತಾದ ಆಯಿಲ್ ಸೀಲಿನಿಂದಲೋ ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಡಿ ಅವತ್ತು ಏನೂ ಆಗದಂತೆ ಮನೆಗೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ಕ್ರೌನ್ ಪಿನಿಯನ್ ಕೂಗಲು ಶುರು. ನೆರೆ ನೀರಿಗೆ ಇಳಿದ ವಾರದೊಳಗೆ ಹೌಸಿಂಗಿನ ಬೋಲ್ಟ್ ಬಿಚ್ಚಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೋ ಎಂದು ನೋಡಿಸುವುದು, ತಿರುಗಿದ್ದರೆ ಬದಲಿಸುವುದು, ಚಕ್ರದ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸುವುದು ನಮ್ಮಲ್ಲಿ ಪ್ರತಿ ಮಳೆಗಾಲದ ಪದ್ಧತಿ.

ಈಗ ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ಭಾಗಕ್ಕೆ ಬರುತ್ತೇನೆ: ಪಾಟಾ ಮತ್ತು ಬ್ರೇಕು.

ಹಿಂದಿನ ಸ್ಪ್ರಿಂಗ್ ಪಟ್ಟಿಗಳಿಗೆ ಇಲ್ಲಿ ಪಾಟಾ ಎನ್ನುತ್ತಾರೆ. ಮೊದಲ ಚೋಟಾ ಹಾಥಿಗೆ ಕಂಪನಿ ಹೇಳಿದ ಹೊರೆ ಮುಕ್ಕಾಲು ಟನ್ನಿನ ಆಸುಪಾಸು. ಬೆನ್ನ ಮೇಲೆ ಅದರ ಎರಡರಷ್ಟು ಹೊತ್ತು ಏರು ಹತ್ತುವವನ್ನು ದಿನಾ ನೋಡುತ್ತೇವೆ. ಹೊರೆ ಹಾಕಿದಾಗ ಗಾಡಿ ಹಿಂದಕ್ಕೆ ಕೂರುತ್ತದೆ ಎಂದು ಮಾಲೀಕರು ಗ್ಯಾರೇಜಿಗೆ ಹೋಗಿ ಒಂದೆರಡು ಪಾಟಾ ಜಾಸ್ತಿ ಹಾಕಿಸುತ್ತಾರೆ. ಆಮೇಲೆ ಗಾಡಿ ಕೂರುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ, ಗಟ್ಟಿಯಾಯಿತು ಎಂದು ಸಮಾಧಾನ. ಆದರೆ ಪಾಟಾ ಏರಿಸಿದರೆ ಆಕ್ಸಲ್ ದಪ್ಪವಾಗುವುದಿಲ್ಲ, ಬೇರಿಂಗ್ ದೊಡ್ಡದಾಗುವುದಿಲ್ಲ, ಬ್ರೇಕಿನ ಡ್ರಮ್ಮು ಅಗಲವಾಗುವುದಿಲ್ಲ. ಪಟ್ಟಿ ಬಾಗಿ ತಿನ್ನುತ್ತಿದ್ದ ಹೊಡೆತ ಈಗ ಸೀದಾ ಚಾಸಿಗೆ. ಇನ್ನೂ ಒಂದು ಮಾತಿದೆ, ಮೇಸ್ತ್ರಿ ಗಾಡಿಯ ಕೆಳಗೆ ಟಾರ್ಚ್ ಹಿಡಿದು ತೋರಿಸಿದ್ದು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ, ಅದರ ತುದಿಗೆ ಒಂದು ವಾಲ್ವು. ಹೊರೆ ಬಿದ್ದು ಗಾಡಿ ಕುಳಿತಷ್ಟೂ ಆ ಕಡ್ಡಿ ವಾಲ್ವನ್ನು ತೆರೆದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕಳಿಸುತ್ತದೆ. ಗಾಡಿ ಖಾಲಿ ಇದ್ದಾಗ ಕಡಿಮೆ ಕಳಿಸಿ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ. ಪಾಟಾ ಏರಿಸಿದ ಗಾಡಿ ಹೊರೆ ಹಾಕಿದರೂ ಕೂರುವುದಿಲ್ಲವಲ್ಲ, ವಾಲ್ವಿನ ಲೆಕ್ಕದಲ್ಲಿ ಅದು ಖಾಲಿ ಗಾಡಿ. ಎರಡು ಟನ್ ಹೊತ್ತು ಇಳಿಜಾರು ಇಳಿಯುವ ಗಾಡಿಗೆ ಖಾಲಿ ಗಾಡಿಯ ಬ್ರೇಕು. "ಇದನ್ನ ತಿಳಿದಾವ ಪಾಟಾ ಏರ್ಸೂದಿಲ್ರಿ ಅಕ್ಕಾರ. ತಿಳೀದವರಿಗೆ ಹೇಳಾಕ ಯಾರೂ ಇಲ್ಲ," ಎಂದರು ಮೇಸ್ತ್ರಿ. ತುಕ್ಕು ಹಿಡಿದು ಅಲುಗದೆ ನಿಂತ ಆ ವಾಲ್ವನ್ನು ತಂತಿಯಿಂದ ಕಟ್ಟಿಹಾಕಿ ಕಳಿಸುವ ಗ್ಯಾರೇಜುಗಳೂ ಇವೆ. ನಮ್ಮ ಗಾಡಿಯಲ್ಲೂ ಹಿಂದಿನವರು ಕಟ್ಟಿಸಿದ್ದರು. ಅವರು ಜಾಸ್ತಿ ಹಾಕಿಸಿದ್ದ ಪಾಟಾಗಳನ್ನು ನಾವು ಇಳಿಸಿ, ಹೊಸ ವಾಲ್ವು ಕೂರಿಸಿದೆವು. ಈಗ ದೊಡ್ಡ ಮದುವೆಯಿದ್ದರೆ ಎರಡು ಟ್ರಿಪ್ ಹೊಡೆಯುತ್ತೇವೆ.

ನಮ್ಮ ಡ್ರೈವರ್ ಕುಂದಾಪುರದ ಕಡೆಯ ಹಿರಿಯರು. ಊರಿನ ಬ್ರಹ್ಮಕಲಶಕ್ಕೋ ಮನೆ ಸಾಮಾನಿಗೋ ಎಂದು ಹಳೆಯ ಎನ್ಎಚ್ 17ರಲ್ಲಿ, ಈಗಿನ 66ರಲ್ಲಿ, ಮುಂಬಯಿಗೂ ಉಡುಪಿಗೂ ಗಾಡಿ ಹೊಡೆದು ಪಳಗಿದವರು. ಬ್ರೇಕಿನ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅವರಿಂದ. "ಅಮ್ಮ, ಪೆಡಲ್ ನಿನ್ನೆಗಿಂತ ಚೂರು ಕೆಳಗೆ ಹೋಗ್ತಾ ಉಂಟು," ಎಂದು ಅವರು ಹೇಳಿದರೆ ಆ ದಿನದ ಟ್ರಿಪ್ಪಿಗೆ ಬಾಡಿಗೆ ಗಾಡಿ ಕರೆಸುತ್ತೇನೆ, ನಮ್ಮದನ್ನು ಕಳಿಸುವುದಿಲ್ಲ. ಪೆಡಲ್ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ ಇಲ್ಲವೇ ಎಲ್ಲೋ ಸೋರುತ್ತಿದೆ. ಒಂದು ಬದಿಗೆ ಎಳೆದರೆ ಆಕ್ಸಲ್ ಸೀಲಿನ ಆಯಿಲ್ ಲೈನರಿಗೆ ತಾಗಿರಬಹುದು. ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರುತ್ತಿಲ್ಲ. ನಮ್ಮ ಬಹಳಷ್ಟು ಡೀಸೆಲ್ ಪಿಕಪ್ಪುಗಳಲ್ಲಿ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟು ತುಂಡಾದರೆ ಚಾರ್ಜಿಂಗ್ ಹೋಗುವುದರ ಜೊತೆ ಬ್ರೇಕಿನ ಬಲವೂ ಹೋಗುತ್ತದೆ. ಹಾಗೆಯೇ, ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಬಿಡುವವರಿಗೆ ಬೂಸ್ಟರಿನಲ್ಲಿ ಉಳಿದಿರುವುದು ಒಂದೆರಡು ಒತ್ತಿಗೆ ಸಾಕಾಗುವಷ್ಟು ಮಾತ್ರ.

ಬ್ರೇಕ್ ಆಯಿಲ್ಲಿನ ಗುಣವನ್ನು ಅಡುಗೆಮನೆಯವಳಾದ ನಾನು ಬೇಗ ಹಿಡಿದೆ. ಮಳೆಗಾಲದಲ್ಲಿ ಮುಚ್ಚಿಟ್ಟ ಭರಣಿಯ ಉಪ್ಪು ಕೂಡ ನೀರೊಡೆಯುವಂತೆ ಅದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂಬುದು ಅಳತೆ. ತೇವ ಎಳೆದುಕೊಂಡ ಮೇಲೆ ಅದೇ ಅಳತೆ 140ಕ್ಕೆ ಇಳಿಯುತ್ತದೆ. ಅದೇ 66ರ ಹೆದ್ದಾರಿಯ ಕಶೇಡಿ ಘಾಟಿಯಲ್ಲಿ ಹೊರೆ ಹೊತ್ತು, ಗೇರ್ ಇಳಿಸದೆ, ಬ್ರೇಕ್ ತುಳಿಯುತ್ತಲೇ ಇಳಿದರೆ ಡ್ರಮ್ಮು, ಡಿಸ್ಕು ಕಾದು ಆ ಬಿಸಿ ಆಯಿಲ್ಲಿಗೆ ಮುಟ್ಟುತ್ತದೆ. ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ನೋಡಿದವರು ಆಮೇಲೆ ಹೇಳುವುದು "ಬ್ರೇಕ್ ಫೇಲಾಯ್ತು, ಹಳೇ ಗಾಡಿ." ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಿಸಿದ್ದರೆ, ಹತ್ತಿದ ಗೇರಿನಲ್ಲೇ ಇಳಿದಿದ್ದರೆ ಅದೇ ಹಳೇ ಗಾಡಿ ಘಾಟಿಯ ಬುಡದ ಪೋಲಾದ್‌ಪುರದಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ಪತ್ರಿಕೆಯ ಮೂಲೆಯಲ್ಲಿ ಟೆಂಪೋ ಪಲ್ಟಿ, ಇಬ್ಬರ ಸಾವು ಎಂಬ ಎರಡು ಸಾಲು ಓದಿದಾಗಲೆಲ್ಲ ಆ ಡ್ರೈವರ್ ಪೆಡಲ್ ಕೆಳಗೆ ಹೋಗುತ್ತಿದೆ ಎಂದು ಯಾರಿಗಾದರೂ ಹೇಳಿದ್ದನೇ, ಕೇಳಿಸಿಕೊಂಡವರು ಏನೆಂದರು ಎಂದು ನನ್ನ ಮನಸ್ಸು ಕೇಳುತ್ತದೆ.

ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್, ಅಂದರೆ ಪಾಸಿಂಗ್, ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗಳ ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ. ಏರಲಿ. ಹೊಗೆಯುಗುಳುವ, ಚಾಸಿ ತಿಂದ ಗಾಡಿ ರಸ್ತೆ ಬಿಡುವುದೇ ಸರಿ. ನನ್ನ ತಕರಾರು ಪಾಸಿಂಗಿಗೆ ತಯಾರಾಗುವ ಕ್ರಮದ ಬಗ್ಗೆ. ಪಾಸಿಂಗ್ ಬಂತೆಂದರೆ ಮೊದಲು ಬಣ್ಣ, ಆಮೇಲೆ ರಿಫ್ಲೆಕ್ಟರ್ ಪಟ್ಟಿ, ಹಾರನ್ನು. ದುಡ್ಡು ಉಳಿದರೆ ಬ್ರೇಕು. ನಮ್ಮಲ್ಲಿ ಕ್ರಮ ಉಲ್ಟಾ. ಮೊದಲು ಬ್ರೇಕು, ಸ್ಟಿಯರಿಂಗಿನ ಬಾಲ್ ಜಾಯಿಂಟು, ಟೈರು. ಆಮೇಲೆ ರೇಡಿಯೇಟರು, ಬೆಲ್ಟು. ಮೂರನೆಯದು ನಾಜಲ್ಲು. ಬಣ್ಣಕ್ಕೆ ದುಡ್ಡು ಉಳಿಯದ ವರ್ಷ ನಾನೇ ಹುಡುಗರನ್ನು ಕೂರಿಸಿ ಬ್ರಶ್ ಹಿಡಿಸಿದ್ದೇನೆ.

ಈಗ ಕ್ಲಚ್ಚಿನ ಸರದಿ. ಗಣೇಶ ಚವತಿಯ ಆರ್ಡರ್‌ಗಳು ಶುರುವಾಗುವ ಮೊದಲೇ ಇಳಿಸಬೇಕು ಎಂದಿದ್ದಾರೆ ಮೇಸ್ತ್ರಿ. ಯಜಮಾನರು, "ಹಬ್ಬ ಕಳೀಲಿ ಮಾರಾಯ್ರೆ, ಅಲ್ಲಿವರೆಗೆ ಓಡ್ಲಿಕ್ಕಿಲ್ವಾ?" ಎಂದು ಕೇಳಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಓಡ್ತದರಿ ಅಣ್ಣಾರ. ಹಬ್ಬದ ದಿನಾನ ನಿಂತ್ರ ನನಗ ಫೋನ್ ಮಾಡಬ್ಯಾಡ್ರಿ," ಎಂದರು. ಗೇರ್‌ಬಾಕ್ಸ್ ಹೇಗೂ ಇಳಿಯುವುದರಿಂದ ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು ಮೂರನ್ನೂ ಒಟ್ಟಿಗೇ ಬದಲಿಸಿದರೆ ಮಜೂರಿ ಒಂದೇ ಸಲ ಎಂದು ನಾನು ಲೆಕ್ಕ ತೋರಿಸಿದೆ. ಯಜಮಾನರು ಒಪ್ಪಿದರು. ಕುರ್ಲಾದಿಂದ ತರಬೇಕಾದ ಸಾಮಾನಿನ ಪಟ್ಟಿ ಬರೆದು ಡ್ರೈವರ ಕೈಗೆ ಕೊಟ್ಟಿದ್ದೇನೆ. ಸೀಲು ಒರಿಜಿನಲ್ಲೇ ಆಗಬೇಕು ಎಂದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.